ಮನೆತನದ ಹಳದಿ

ನಮ್ಮ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಆಸ್ತಿ ಯಾವುದು ಎಂದು ಯಾರಾದರೂ ಕೇಳಿದರೆ, ಬ್ಯಾಡಗಿಯಲ್ಲೊಂದು ಹಂಚಿನ ಮನೆ, ತಾಮ್ರದ ಒಂದು ಹಂಡೆ ಮತ್ತು ಕಣ್ಣಿನ ಹಳದಿ ಎಂದು ಹೇಳಬೇಕಾಗುತ್ತದೆ. ಮನೆಗೆ ನಡುವೆ ಗೋಡೆ ಎದ್ದು ಅರ್ಧ ದಾಯಾದಿಗಳ ಪಾಲಾಯಿತು. ಹಂಡೆ ಸೋರುತ್ತದೆ. ಹಳದಿಯೊಂದು ಮಾತ್ರ ತಂಟೆ ತಕರಾರಿಲ್ಲದೆ, ವಕೀಲರ ನೆರವಿಲ್ಲದೆ ನಮ್ಮೆಲ್ಲರ ಕೈಸೇರಿದೆ.

ಅದರ ಲಕ್ಷಣ ಇಷ್ಟೇ. ಒಂದು ಹೊತ್ತಿನ ಊಟ ತಪ್ಪಿದರೆ ನಮಗೆ ಏನೂ ಆಗುವುದಿಲ್ಲ. ಇಡೀ ದಿನದ ಉಪವಾಸವಾದರೆ ಕಣ್ಣಿನ ಬಿಳಿಭಾಗ ತೆಳ್ಳಗೆ ಹಳದಿಯಾಗುತ್ತದೆ. ಉಂಡರೆ ಹೋಗುತ್ತದೆ. ಶಿವರಾತ್ರಿಯ ಮರುದಿನ ನಮ್ಮಪ್ಪ ಕಟ್ಟೆಯ ಮೇಲೆ ಕುಳಿತು, ಹೋಗಿ ಬರುವವರಿಗೆಲ್ಲ ಕಣ್ಣು ಅಗಲಿಸಿ ತೋರಿಸುತ್ತಿದ್ದರು. ಉಪವಾಸ ಮುಟ್ಟಿದ್ದಕ್ಕೆ ಶಿವ ಕೊಟ್ಟ ರಸೀದಿ ಅದು ಎಂಬುದು ಅವರ ನಂಬಿಕೆಯಾಗಿತ್ತು. ಗುಟ್ಟಾಗಿ ಮಂಡಕ್ಕಿ ತಿಂದವರ ಕಣ್ಣು ಬೆಳ್ಳಗೇ ಉಳಿಯುತ್ತಿದ್ದುದರಿಂದ ಆ ನಂಬಿಕೆಗೆ ಸಾಕಷ್ಟು ಪುರಾವೆಯೂ ಇತ್ತು.

ಆ ಹಳದಿಯ ಮೇಲೆ ಮೊದಲ ವಿಚಾರಣೆ ನಡೆದದ್ದು ನನ್ನ ಕಾಲದಲ್ಲಿ, ಹಾವೇರಿಯಲ್ಲಿ. ನಾನು ಅಲ್ಲಿನ ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಒಮ್ಮೆ ಜ್ವರ ಬಂದು, ಬಾಯಿ ಕೆಟ್ಟು, ಸರಿಯಾಗಿ ಉಣ್ಣದೆ ಕಚೇರಿಗೆ ಹೋಗಿದ್ದೆ. ಕಟಕಟೆಯಲ್ಲಿ ನಿಂತಿದ್ದ ಆರೋಪಿಯೇ ನನ್ನ ಮುಖ ನೋಡಿ, "ಸಾಹೇಬ್ರ, ನಿಮಗ ಕಾಮಣಿ ಆಗೈತಿ, ಮೊದಲ ನಿಮ್ಮದು ನೋಡಿಕೊಳ್ರಿ" ಎಂದು ಎಚ್ಚರಿಸಿದ. ನಮ್ಮ ಕಡೆ ಕಾಮಾಲೆಗೆ ಕಾಮಣಿ ಎನ್ನುತ್ತಾರೆ. ಕೋರ್ಟು ನಕ್ಕಿತು. ನಾನು ಹಾವೇರಿಯ ಡಾಕ್ಟರೊಬ್ಬರ ಬಳಿ ಹೋದೆ. ಅವರು ರಕ್ತ ತೆಗೆಸಿ, ಹೊಟ್ಟೆ ಒತ್ತಿ, ಮತ್ತೊಮ್ಮೆ ರಕ್ತ ತೆಗೆಸಿ, ಕೊನೆಗೆ ತೀರ್ಪು ಕೊಟ್ಟರು.

"ಇದು ಜಡ್ಡ ಅಲ್ರಿ, ಸ್ವಭಾವ. ಕೆಲವು ಮನಿತನದಾಗ ಇರ್ತೈತಿ. ಹಸದಾಗ, ದಣದಾಗ, ಜ್ವರ ಬಂದಾಗ ಜರಾ ಕಾಣಸ್ತೈತಿ. ಔಷಧ ಇಲ್ಲ, ಬೇಕಾಗೂ ಇಲ್ಲ. ಹೋಗಿ ಊಟ ಮಾಡ್ರಿ."

ಹೋಗಿ ಊಟ ಮಾಡಿ ಎಂದು ಹೇಳಿ ಕಳಿಸುವ ವೈದ್ಯಶಾಸ್ತ್ರದ ಮೇಲೆ ನನಗೆ ಅಂದೇ ಗೌರವ ಹುಟ್ಟಿತು. ಮನೆಗೆ ಬಂದು, ನಮ್ಮ ಹಳದಿ ನಿರಪರಾಧಿಯೆಂದು ಸಾಬೀತಾಗಿ ಬಿಡುಗಡೆಯಾಗಿದೆ ಎಂದು ಸಾರಿದೆ. ಆ ತೀರ್ಪನ್ನು ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ಸ್ವೀಕರಿಸಿದವಳು ನನ್ನ ಅಕ್ಕ.

ಅಕ್ಕನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವಳು ನನಗಿಂತ ಬಹಳ ದೊಡ್ಡವಳು. ನನ್ನನ್ನು ಎತ್ತಿ ಆಡಿಸಿದವಳು. ರಾಣೆಬೆನ್ನೂರಿನ ಹತ್ತಿರದ ಹಲಗೇರಿಗೆ ಮದುವೆಯಾಗಿ ಹೋದಳು. ಮುಂದೆ ಅವಳ ಮಗಳನ್ನೇ ನಾನು ಲಗ್ನವಾದೆ. ಹಾಗಾಗಿ ಅಕ್ಕ ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಒಂದು ಪೀಠದಲ್ಲಿ ಸೋತರೆ ಇನ್ನೊಂದು ಪೀಠದಲ್ಲಿ ಕುಳಿತು ಅವಳೇ ಮೇಲ್ಮನವಿ ಕೇಳುತ್ತಾಳೆ. ಎರಡೂ ಕಡೆ ನನಗೆ ಸೋಲು. ಹೆಂಡತಿ ಚಿಕ್ಕಂದಿನಿಂದ ನನ್ನನ್ನು ಮಾಮಾ ಎಂದು ಕರೆದವಳು, ಈಗಲೂ ಹಾಗೆಯೇ ಕರೆಯುತ್ತಾಳೆ. ಇಂಥ ಮದುವೆಯ ಲಾಭವೆಂದರೆ ಬೀಗರ ಹತ್ತಿರ ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕಾಗಿಲ್ಲ. ಅದರ ತೊಡಕು ಯಾವುದೆಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ ಬಂದ ಒಂದು ಶಿವರಾತ್ರಿಯಲ್ಲಿ.

ಶಿವರಾತ್ರಿಯ ಹೊತ್ತಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ಊರಿಗೆ ಊರೇ ಕೆಂಪು. ಸಂತೆಗೆ ಬಂದ ಹೊಸಬರು ಸೀನುತ್ತಾ ಇಳಿಯುತ್ತಾರೆ, ನಾವು ಅವರನ್ನು ಕರುಣೆಯಿಂದ ನೋಡುತ್ತೇವೆ. ಆ ದಿನಗಳಲ್ಲಿ ನಮ್ಮೂರಿನಲ್ಲಿ ಯಾರಾದರೂ ಮೈ ತುರಿಸಿಕೊಂಡರೆ ಅದು ಸುದ್ದಿಯಲ್ಲ. ಹೆಂಡತಿ ಮನೆಯ ಖಾರದಪುಡಿಗೆಂದು ಮೆಣಸಿನಕಾಯಿ ತಂದು, ಒಣಗಿಸಿ, ತೊಟ್ಟು ಬಿಡಿಸುತ್ತಿದ್ದಳು. ಮೊಳಕೈ, ಬೆನ್ನು, ಅಂಗಾಲು ಎಲ್ಲ ತುರಿಸಿಕೊಳ್ಳುತ್ತಿದ್ದಳು. "ಘಾಟ ಹತ್ತೈತಿ" ಎಂದು ಅವಳೇ ಹೇಳಿದಳು, ನಾನು ಒಪ್ಪಿದೆ. ಮೆಣಸಿನಕಾಯಿಯ ಘಾಟು ಅಂಗಾಲಿಗೆ ಹೇಗೆ ಹತ್ತಿತು ಎಂದು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಅಕ್ಕ ಹಬ್ಬಕ್ಕೆ ಬಂದಿದ್ದಳು. ಮೂವರೂ ಉಪವಾಸ ಮಾಡಿದೆವು. ಮರುದಿನ ಬೆಳಿಗ್ಗೆ ಪಡಸಾಲೆಯ ಕನ್ನಡಿಯ ಮುಂದೆ ರೂಢಿಯಂತೆ ಕಣ್ಣಿನ ತಪಾಸಣೆ ನಡೆಯಿತು. ನನ್ನದು ತೆಳು ಹಳದಿ. ಅಕ್ಕನದೂ ಅಷ್ಟೇ. ಹೆಂಡತಿಯ ಕಣ್ಣು ಮಾತ್ರ ಎಂದೂ ಇಲ್ಲದಷ್ಟು ಹಳದಿ. ಅಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಷ್ಟು ವರ್ಷ ಮಗಳ ಕಣ್ಣು ಉಪವಾಸಕ್ಕೂ ಬೆಳ್ಳಗೆ ಕಾಣುತ್ತಿದ್ದುದು ಅವಳಿಗೆ ಒಳಗೊಳಗೇ ಕೊರಗಾಗಿತ್ತು. ಹಲಗೇರಿಯ ನೀರು ನಮ್ಮ ರಕ್ತವನ್ನು ತೆಳ್ಳಗೆ ಮಾಡಿದೆ ಎಂದು ಆಗಾಗ ಆಡಿಕೊಳ್ಳುತ್ತಿದ್ದಳು.

"ನೋಡಿದೇನೋ ತಮ್ಮಾ! ಕಡೀಕೂ ತವರಮನಿ ಬಣ್ಣ ಬಂತು ನನ್ನ ಮಗಳಿಗೆ. ನಿನಗಿಂತ ಪಸಂದ ಬಂದೈತಿ."

"ಅವ್ವಾ, ಯಾಕೋ ಮೈಯಾಗ ಹುರುಪಿಲ್ಲ," ಎಂದಳು ಹೆಂಡತಿ.

"ಉಪಾಸ ಮಾಡಿದ್ರ ಹುರುಪು ಎಲ್ಲಿಂದ ಬರಬೇಕು? ಉಂಡರ ಎಲ್ಲಾ ಹೋಗ್ತೈತಿ. ಡಾಕ್ಟರ್ ಹೇಳ್ಯಾನ, ಕೇಳು ನಿನ್ನ ಗಂಡನ್ನ."

ನಾನೂ ಹೌದೆಂದೆ. ಇಬ್ಬರು ಸೇರಿ ಒಬ್ಬರ ಮೊಕದ್ದಮೆಯ ತೀರ್ಪನ್ನು ಇನ್ನೊಬ್ಬರಿಗೆ ಅಂಟಿಸಿದೆವು. ಯಾರದೋ ಹೊಲದ ಡಿಕ್ರಿ ತಂದು ಬೇರೆಯವರ ಹೊಲಕ್ಕೆ ಬೇಲಿ ಹಾಕಲು ಬಂದವರನ್ನು ನಾನು ಕಚೇರಿಯಲ್ಲಿ ಎಷ್ಟೋ ಸಲ ಗದರಿಸಿ ಕಳಿಸಿದ್ದುಂಟು. ಆದರೆ ಮನೆ ಕಚೇರಿಯಲ್ಲವಲ್ಲ. ನನ್ನ ಅಕ್ಕನ ಮಗಳು, ನಮ್ಮದೇ ರಕ್ತ, ಆದ್ದರಿಂದ ನಮ್ಮದೇ ಹಳದಿ. ಬೇರೆ ಮನೆಯಿಂದ ತಂದ ಹೆಣ್ಣಾಗಿದ್ದರೆ ಅಂದೇ ಹೌಹಾರಿ ದವಾಖಾನೆಗೆ ಓಡುತ್ತಿದ್ದೆವೋ ಏನೋ.

ಉಣಿಸುವ ಚಿಕಿತ್ಸೆ ಶುರುವಾಯಿತು. ಅಕ್ಕ ಹೋಳಿಗೆ ಮಾಡಿದಳು. ಅಕ್ಕನ ಹೋಳಿಗೆಯೆಂದರೆ ತುಪ್ಪದಲ್ಲಿ ಮುಳುಗಿ ಏಳಬೇಕು. ಹೆಂಡತಿ ಒಲ್ಲೆ ಒಲ್ಲೆ ಎಂದರೂ ಮತ್ತೊಂದು ಬಡಿಸಿದಳು. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಹೆಂಡತಿ ಬಲಪಕ್ಕೆಯನ್ನು ಹಿಡಿದುಕೊಂಡು ಗೋಡೆಗೆ ಒರಗಿದಳು. ಮುಖದ ತುಂಬ ಬೆವರು. ನೋವು ಬೆನ್ನಿನ ಕಡೆ ತಿರುಗಿ ಭುಜದವರೆಗೆ ಹೋಗುತ್ತಿದೆ ಎಂದಳು.

"ಗ್ಯಾಸ್," ಎಂದು ಅಕ್ಕ ಆದೇಶ ಹೊರಡಿಸಿ ಅಜವಾನದ ನೀರು ಕುಡಿಸಿದಳು. ಸಂಜೆಗೆ ನೋವು ಇಳಿಯಿತು. ಮರುದಿನ ಮತ್ತೆ ತುಪ್ಪ, ಮತ್ತೆ ನೋವು. ಆಮೇಲೆ ಒಗ್ಗರಣೆಯ ವಾಸನೆಗೇ ಹೆಂಡತಿ ಹಿತ್ತಲಿಗೆ ಎದ್ದು ಹೋಗತೊಡಗಿದಳು.

ಅಷ್ಟರಲ್ಲಿ ನನ್ನ ಕಣ್ಣು ಬೆಳ್ಳಗಾಗಿತ್ತು. ಅಕ್ಕನದೂ ಬೆಳ್ಳಗಾಗಿತ್ತು. ಹೆಂಡತಿಯ ಕಣ್ಣು ಮಾತ್ರ ಇನ್ನಷ್ಟು ಹಳದಿಯಾಗಿ, ಆ ಬಣ್ಣ ಈಗ ಅಂಗೈಗೂ ಇಳಿದಿತ್ತು. ಉಂಡರೆ ಹೋಗಬೇಕಾದದ್ದು ಉಂಡಷ್ಟೂ ಏರುತ್ತಿದೆಯಲ್ಲ ಎಂದು ನನ್ನೊಳಗಿನ ಶಿರಸ್ತೇದಾರ ತಡವಾಗಿ ಎಚ್ಚರಗೊಂಡ.

"ಅಕ್ಕಾ, ಇದು ನಮ್ಮ ಹಳದಿ ಅಲ್ಲ," ಎಂದೆ.

"ಮತ್ತ್ಯಾರದು? ಆಜೂಬಾಜೂದವರದೇನು?" ಎಂದು ಅಕ್ಕ ಮುನಿಸಿಕೊಂಡಳು. ಆಮೇಲೆ ತಾನೂ ಮಗಳ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಐರಣಿ ಕಡೆ ಹೊಳಿದಂಡಿ ಊರಾಗ ಒಬ್ಬರು ಐತವಾರಕ್ಕೊಮ್ಮೆ ಕಾಮಣಿಗೆ ಎಲಿ ರಸ ಕೊಡ್ತಾರಂತ. ಕರಕೊಂಡು ಹೋಗೂಣು" ಎಂದಳು.

ಹೆಂಡತಿ ಎದ್ದು ಸೀರೆಯ ಸೆರಗು ಸರಿಮಾಡಿಕೊಂಡಳು. "ಐತವಾರದ ತನಕ ನಾ ತಾಳೂದಿಲ್ಲವ್ವ. ಮಾಮಾ, ರಾಣೆಬೆನ್ನೂರಿಗೆ ಹೋಗೂಣು ನಡೀರಿ. ಇವತ್ತ ಹೋಗೂಣು."

ತನಗೆ ಏನು ಬೇಕು ಎಂದು ಅವಳು ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೆ. ಆ ಮಾತಿಗೆ ನಾನು ಇಂದಿಗೂ ಋಣಿ.

ರಾಣೆಬೆನ್ನೂರಿನಲ್ಲಿ ನಾವು ಹೋದದ್ದು ಒಬ್ಬ ಲೇಡಿ ಡಾಕ್ಟರ ಬಳಿ, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ. ನಡುವಯಸ್ಸಿನವರು, ದವಾಖಾನೆ ಚಿಕ್ಕದು, ಗದ್ದಲ ದೊಡ್ಡದು. ನಮ್ಮ ಸರದಿ ಬಂದಾಗ ನಾನು ಎದ್ದು ನಿಂತು ಮನೆತನದ ಇತಿಹಾಸವನ್ನು ಅಪ್ಪನ ರಸೀದಿಯಿಂದ ಹಿಡಿದು ಹಾವೇರಿಯ ತೀರ್ಪಿನವರೆಗೆ ಕ್ರಮವಾಗಿ ನಿವೇದಿಸಿದೆ. ಅವರು ಎಲ್ಲವನ್ನೂ ಕೇಳಿ, "ನಿಮ್ಮದಾತ್ರಿ. ಇನ್ನ ಅಮ್ಮಾರು ಮಾತಾಡಲಿ" ಎಂದರು.

ಹೆಂಡತಿಗೆ ಕಿಟಕಿಯ ಬೆಳಕಿಗೆ ಮುಖ ಮಾಡಿಸಿ, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಮೊಳಕೈಯ ಗೀರುಗಳನ್ನು ನೋಡಿದರು.

"ತುರಿಕಿ ಐತ್ರಿ?"

"ಮೆಣಸಿನಕಾಯಿ ಘಾಟ್ರಿ, ಬಾಯಾರ."

"ಅಂಗಾಲಿಗೂ ಘಾಟು ಹತ್ತೈತೇನ್ರಿ?"

ಹೆಂಡತಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಜ್ವರ, ಚಳಿ ಬಂದಿತ್ತೇನ್ರಿ? ಏನರ ಗುಳಗಿ ತಗೋತೀರೇನು? ನಾಟಿ ಔಷಧ?" ಎಲ್ಲಕ್ಕೂ ಇಲ್ಲವೆಂದಾಯಿತು. "ಒಂದಕ್ಕ ಹೋದಾಗ ಬಣ್ಣ ಹೆಂಗ ಐತ್ರಿ? ಎರಡಕ್ಕ ಹೋದಾಗ?"

ನಮ್ಮ ಮನೆಯಲ್ಲಿ ಕಣ್ಣಿನ ಬಣ್ಣವನ್ನು ಬೀದಿಯವರೆಗೂ ಸಾರುತ್ತೇವೆ. ಉಳಿದ ಬಣ್ಣಗಳ ವಿಷಯ ಗಂಡ ಹೆಂಡಿರ ನಡುವೆಯೂ ಬರುವುದಿಲ್ಲ.

"ಮಾಮಾ, ನೀವು ಜರಾ ಹೊರಗ ಕುಂದರ್ರಿ," ಎಂದಳು ಹೆಂಡತಿ.

ಹೊರಗೆ ಎಂದರೆ ಒಂದು ಹಸಿರು ಪರದೆಯ ಆಚೆ. ಅಲ್ಲಿ ಕುರ್ಚಿಯ ಮೇಲೆ ಗಂಭೀರವಾಗಿ ಕುಳಿತು, ಮದುವೆಯಾಗಿ ಇಷ್ಟು ಕಾಲದ ಮೇಲೆ, ನಾನು ನನ್ನ ಹೆಂಡತಿಯ ಬಗ್ಗೆ ತಿಳಿಯದಿದ್ದುದನ್ನೆಲ್ಲ ಕೇಳಿಸಿಕೊಂಡೆ. ಮೂತ್ರ ಕೆಲವು ವಾರಗಳಿಂದ ಚಹಾದ ಡಿಕಾಕ್ಷನ್ನಿನ ಹಾಗೆ ಕಪ್ಪಗಾಗಿತ್ತು. ಮಲ ಬಣ್ಣವಿಲ್ಲದೆ ಬೂದಿಯಂತಾಗಿತ್ತು.

"ಯಾರಿಗೂ ಹೇಳಲಿಲ್ಲೇನ್ರಿ ಅಮ್ಮಾರ?"

"ಯಾರಿಗೆ ಹೇಳಲ್ರಿ? ನಮ್ಮ ಮನ್ಯಾಗ ಹಳದಿ ಅಂದ್ರ ಪದಕ ಬಂದಂಗ. ಅವ್ವ ಹೋಳಿಗಿ ಮಾಡಾಕತ್ತಿದ್ಲು. ನಾ ಬೂದಿ ಅಂತ ಹೆಂಗ ಹೇಳಲಿ?"

ಡಾಕ್ಟರು ನಕ್ಕರು. ಪರದೆಯ ಈಚೆ ನಾನು ನಗಲಿಲ್ಲ.

ಒಳಗೆ ಕರೆದಾಗ ಅವರು ರಕ್ತ ಪರೀಕ್ಷೆ ಬರೆದುಕೊಟ್ಟಿದ್ದರು. ಬಿಲಿರುಬಿನ್ ಒಟ್ಟು ಎಷ್ಟು, ಅದರಲ್ಲಿ ಯಾವ ಬಗೆಯದು ಎಷ್ಟು, ಲಿವರಿನ ಬೇರೆ ಪರೀಕ್ಷೆಗಳು, ವೈರಸ್ಸಿನವು, ರಕ್ತಕಣಗಳ ಎಣಿಕೆ. ಒಂದು ಹಳದಿಗೆ ಇಷ್ಟೊಂದು ಸಾಕ್ಷಿಗಳೇ ಎಂದು ನಾನು ಬೆರಗಾದೆ. ಅವರು ಪೆನ್ನು ಕೆಳಗಿಟ್ಟು ಹೇಳಿದ್ದನ್ನು ನಾನು ಮರೆತಿಲ್ಲ, ಯಾಕೆಂದರೆ ನಮ್ಮೂರಿನ ಭಾಷೆಯಲ್ಲೇ ಹೇಳಿದರು.

"ನಿಮ್ಮೂರ ಮೆಣಸಿನಕಾಯಿ ಯಾರ್ಡ್ ಹೆಂಗ ನಡೀತೈತ್ರಿ? ಬಿಡಿ ಮಾಲು ಒಳಗ ಬರ್ತೈತಿ, ಚೀಲ ತುಂಬಿ ಬಾಯಿ ಹೊಲಿತಾರ, ಲಾರಿ ಹೊರಗ ಹೋಗ್ತೈತಿ. ಮೈಯಾಗೂ ಹಂಗ. ಹಳೇ ಕೆಂಪು ರಕ್ತಕಣ ದಿನಾ ಒಡೀತಾವ, ಅದರಿಂದ ಈ ಹಳದಿ ಹುಟ್ಟತೈತಿ. ಅದು ಬಿಡಿ ಮಾಲು. ಲಿವರ್ ಅದನ್ನ ಚೀಲಕ್ಕ ತುಂಬಿ ಹೊಲಿತೈತಿ. ಆಮ್ಯಾಲ ಪಿತ್ತನಾಳದಾಗ ಹಾಯಿಸಿ ಕರುಳಿಗೆ ಕಳಸ್ತೈತಿ. ಈಗ ಹಳದಿ ಹೆಚ್ಚಾತು ಅಂದ್ರ ಮೂರು ಕಡೆ ನೋಡಬೇಕು. ರಕ್ತಕಣ ಭಾಳ ಒಡದು ತಾಳಲಾರದಷ್ಟು ಮಾಲು ಬಂದಿರಬೇಕು. ಇಲ್ಲಾ ಯಾರ್ಡಿನಾಗಿನ ಮಂದಿನ ಜಡ್ಡ ಬಿದ್ದಿರಬೇಕು. ವೈರಸ್, ಶೆರೆ, ಕೆಲವು ಔಷಧ ಹಂಗ ಮಾಡ್ತಾವ. ಇಲ್ಲಾ ಹೊರಗ ಹೋಗೋ ದಾರಿ ಬಂದ್ ಆಗಿರಬೇಕು."

"ಮತ್ತ ನನ್ನದು?" ಎಂದು ಕೇಳಿದೆ. ಆ ಗಳಿಗೆಯಲ್ಲೂ ನನಗೆ ನನ್ನದೇ ಚಿಂತೆ.

"ನಿಮ್ಮ ಯಾರ್ಡಿನಾಗ ಚೀಲ ಹೊಲಿಯಾಂವ ಜರಾ ಸಾವಕಾಶಿ ಮನಶ್ಯಾ. ಹಸದ ದಿನ ಇನ್ನೂ ಸಾವಕಾಶ. ಒಂದೀಟು ಬಿಡಿ ಮಾಲು ಹಂಗ ಬಿದ್ದಿರ್ತೈತಿ. ಯಾರಿಗೂ ತ್ರಾಸಿಲ್ಲ. ಅಮ್ಮಾರದು ಬ್ಯಾರೆ ಕಾಣ್ತೈತಿ. ಹೊಲಿದ ಚೀಲನ ಬೀದಿಗೆ ಬಿದ್ದಾವ. ಅದು ನೀರಾಗ ಕರಗೂ ಮಾಲು, ಅದಕ್ಕ ಮೂತ್ರ ಕಪ್ಪಾಗೇತಿ. ಕರುಳಿಗೆ ಮಾಲ ಮುಟ್ಟಿಲ್ಲ, ಅದಕ್ಕ ಅಲ್ಲಿ ಬಣ್ಣ ಇಲ್ಲ. ರಿಪೋರ್ಟ್ ಬರಲಿ ನೋಡೂಣು."

ರಿಪೋರ್ಟು ಹಾಗೆಯೇ ಬಂತು. ಒಟ್ಟು ಬಿಲಿರುಬಿನ್ ಬಹಳ ಏರಿತ್ತು, ಅದರಲ್ಲಿ ದೊಡ್ಡ ಪಾಲು ಹೊಲಿದ ಚೀಲದ ಜಾತಿಯದು. ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಪಿತ್ತಕೋಶದಲ್ಲಿ ಹರಳುಗಳಿದ್ದವು. ಪಿತ್ತನಾಳ ಉಬ್ಬಿತ್ತು. ಆದರೆ ನಾಳದ ಕೆಳಗಿನ ತುದಿ ಕಾಣಲಿಲ್ಲ. ಕರುಳಿನ ಗಾಳಿ ಅಡ್ಡ ಬಂದಿತ್ತು. ಮುಖ್ಯ ಸಾಕ್ಷಿ ನಿಂತ ಜಾಗಕ್ಕೇ ಪರದೆ ಬಿದ್ದಂತಾಯಿತು.

ಡಾಕ್ಟರು ಈಗ ನಗಲಿಲ್ಲ. ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ದಾರಿ ಬಂದ್ ಆಗೇತಿ, ಅದು ಖರೇ. ಬಂದ್ ಮಾಡಿದ್ದು ಹರಳು ಅಂತ ನನಗ ಅನಸ್ತೈತಿ. ಆದ್ರ ಅಲ್ಲೇ ಬಾಜೂಕ ಒಂದು ಗ್ರಂಥಿ ಐತಿ. ಅದರಾಗ ಗಂಟು ಬೆಳದ್ರೂ ಹಿಂಗ ಆಗ್ತೈತಿ. ನೋಡದ ನಾ ಹೇಳಾಕ ಬರೂದಿಲ್ಲ. ಹುಬ್ಬಳ್ಳಿಗೆ ಬರದುಕೊಡ್ತೀನಿ, ದೊಡ್ಡ ಸ್ಕ್ಯಾನ್ ಮಾಡಸ್ರಿ. ತಡಾ ಮಾಡಬ್ಯಾಡ್ರಿ. ಚಳಿಜ್ವರ ಬಂತಂದ್ರ ಸೀದಾ ಅಡ್ಮಿಟ್ ಆಗ್ರಿ."

"ಗಂಟು ಅಂದ್ರ..." ಎಂದೆ.

"ಗಂಟು ಅಂದ್ರ ಗಂಟ್ರಿ," ಎಂದರು ಮೆಲ್ಲಗೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೋವು ಬಂತಲ್ಲ ಅಮ್ಮಾರ, ಅದು ಒಂದು ನಮೂನಿ ಚಲೋನ ಆತು. ಗಂಟು ಭಾಳ ಸಲ ನೋವಿಲ್ಲದ ಹಳದಿ ತರ್ತೈತಿ. ಎಣ್ಣಿ ತುಪ್ಪ ತಿಂದಕೂಡ್ಲೆ ಹಿಂಗ ಹಿಡಕೊಳ್ಳೂದು ಹರಳಿನ ಚಾಳಿ. ಯಾರು ತಿನಿಸಿದ್ರು ತುಪ್ಪ?"

"ನಮ್ಮವ್ವ," ಎಂದಳು ಹೆಂಡತಿ.

"ಮತ್ತ ತಿನಿಸಬ್ಯಾಡಂತ ಹೇಳ್ರಿ. ಆದ್ರ ಆಕಿಗೆ ಬೈಬ್ಯಾಡ್ರಿ."

ಬ್ಯಾಡಗಿಗೆ ಬಂದು ಅಕ್ಕನಿಗೆ ಹರಳಿನ ವಿಷಯ ಹೇಳಿದೆವು, ಗಂಟಿನದು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಬ್ಯಾಡಗಿಯಿಂದ ಹುಬ್ಬಳ್ಳಿಯ ರೈಲು ಹತ್ತಿದೆವು. ನನ್ನ ಇಡೀ ನೌಕರಿಯಲ್ಲಿ ನಾನು ಆ ದಾರಿಯಲ್ಲಿ ಹಾವೇರಿಗೆ ಹೋಗಿ ಬಂದವನು. ಯಾವ ಗಿಡದ ಬಳಿ ಎದ್ದು ಬಾಗಿಲಿಗೆ ಬರಬೇಕೆಂದು ಕಾಲಿಗೇ ಗೊತ್ತು. ಅಂದೂ ಹಾವೇರಿ ಬಂದಾಗ ಅಭ್ಯಾಸಬಲದಿಂದ ಎದ್ದು ನಿಂತೆ.

"ಎಲ್ಲಿ ಹೊಂಟೀರಿ ಮಾಮಾ? ಕೋರ್ಟಿಗೆ?" ಎಂದು ಹೆಂಡತಿ ಸೆರಗು ಅಡ್ಡ ಹಿಡಿದು ನಕ್ಕಳು. ನಾನು ಕುಳಿತೆ. ರೈಲು ಹೊರಟಿತು. ಅವಳು ಮೊಳಕೈ ತುರಿಸಿಕೊಳ್ಳುತ್ತಾ ಕಿಟಕಿಯಾಚೆ ನೋಡುತ್ತಿದ್ದಳು. ಬಿಸಿಲು ಮುಖಕ್ಕೆ ಬಿದ್ದಾಗ ಅವಳ ಬಣ್ಣ ನೋಡಲಾರದಂತಿತ್ತು.

"ಮಾಮಾ, ಗಂಟಾದ್ರ ಅವ್ವಗ ಹೇಳಬ್ಯಾಡ್ರಿ."

"ಹೇಳೂದಿಲ್ಲ."

"ಆಕಿ ಇಷ್ಟು ದಿನ ಹೆಮ್ಮಿಪಟ್ಟಾಳ. ಆ ಬಣ್ಣಾನ ನನ್ನ ತಿಂತು ಅಂತ ಆಕಿಗೆ ಗೊತ್ತಾಗಬಾರದು."

ಸಾಕ್ಷಿಗಳು ಕಣ್ಣೀರು ಹಾಕಿದಾಗ ನೀರಿನ ಲೋಟ ಮುಂದಿಡುವುದು ನನ್ನ ಉದ್ಯೋಗದ ರೂಢಿ. ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟೆ. ಅವಳು ಕುಡಿದು, ಬಾಟಲಿಯನ್ನು ನನಗೇ ಕೊಟ್ಟು, "ನೀವು ಕುಡೀರಿ. ಬೆವತೀರಿ" ಎಂದಳು. ಆಮೇಲೆ ಹುಬ್ಬಳ್ಳಿಯವರೆಗೆ ನಾನು ಅವಳ ಅಂಗೈಯನ್ನು ಹಿಡಿದುಕೊಂಡೇ ಕುಳಿತಿದ್ದೆ. ಎದುರಿಗಿದ್ದ ಹೆಂಗಸರು ಕಣ್ಣರಳಿಸಿದರು. ವಯಸ್ಸಾದ ಗಂಡಸು ರೈಲಿನಲ್ಲಿ ಹೆಂಡತಿಯ ಕೈ ಹಿಡಿಯುವುದು ನಮ್ಮ ಕಡೆ ಇನ್ನೂ ಜಾಮೀನು ಸಿಗದ ಅಪರಾಧ.

ಹುಬ್ಬಳ್ಳಿಯಲ್ಲಿ ಅವಳನ್ನು ಒಂದು ದೊಡ್ಡ ಸುರಂಗದಂಥ ಯಂತ್ರದೊಳಗೆ ಮಲಗಿಸಿದರು. ಮಂಗಳಸೂತ್ರ, ಬಳೆ, ಮೂಗುಬೊಟ್ಟು ಎಲ್ಲ ತೆಗೆಸಿ ನನ್ನ ಕೈಗೆ ಕೊಟ್ಟರು. ಜಪ್ತಿ ಮಾಡಿದ ವಸ್ತುಗಳನ್ನು ಎಷ್ಟೋ ವರ್ಷ ಕಾದವನು ನಾನು. ಆದರೆ ಅಂದು ಆ ಸಣ್ಣ ಪೊಟ್ಟಣವನ್ನು ಮತ್ತೆ ಮತ್ತೆ ಬಿಚ್ಚಿ ಬಳೆಗಳನ್ನು ಎಣಿಸಿದೆ. ದೇವರಿಗೆ ಏನೋ ಒಪ್ಪಂದ ಮಾಡಿಕೊಳ್ಳಲು ಹೋದೆ. ಕಾನೂನು ಬಲ್ಲವನು ಒಪ್ಪಂದ ಮಾಡಲು ಹೋದರೆ ಷರತ್ತುಗಳೇ ಮುಗಿಯುವುದಿಲ್ಲ. ಕೊನೆಗೆ, ಹರಳು ಕೊಡಪ್ಪಾ, ಕಲ್ಲಾದರೆ ಸಾಕು ಎಂದಷ್ಟೇ ಬೇಡಿದೆ. ಮನುಷ್ಯ ದೇವರ ಮುಂದೆ ಕಲ್ಲು ಬೇಡಿದ್ದು ಅದೇ ಮೊದಲಿರಬೇಕು.

ಕೊಟ್ಟ. ಅಲ್ಲಿನ ಡಾಕ್ಟರು ಹೊರಬಂದು ಕಂಪ್ಯೂಟರಿನ ಪರದೆ ತೋರಿಸಿದರು. ಮಸುಕು ಬಿಳಿಯ ಕಾಲುವೆಯ ತುದಿಯಲ್ಲಿ ಕಡಲೆಕಾಳಿನಂಥ ಒಂದು ಕಪ್ಪು ಚುಕ್ಕೆ. "ಹರಳು, ಸಿಕ್ಕೊಂಡದ. ಬ್ಯಾರೆ ಏನೂ ಇಲ್ಲ," ಎಂದರು. ಬ್ಯಾರೆ ಏನೂ ಇಲ್ಲ ಎನ್ನುವ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಸಾಕ್ಷಿಯ ಹೇಳಿಕೆಯನ್ನು ಓದಿ ಹೇಳುವಂತೆ ಕೇಳುವ ಹಕ್ಕು ಯಾರಿಗಾದರೂ ಇದೆ.

ಬಾಯಿಯ ಮೂಲಕ ತೆಳ್ಳಗಿನ ನಳಿಕೆ ಇಳಿಸಿ, ಒಳಗಿನಿಂದಲೇ ಆ ಹರಳನ್ನು ಹೊರಗೆಳೆದರು. ಹೊಟ್ಟೆ ಕೊಯ್ಯದೆ, ಯಾವ ಗೋಡೆ ಒಡೆಯದೆ ಕಾಲುವೆಯ ಕಲ್ಲು ತೆಗೆದ ಆ ಕೈಗಳಿಗೆ ನಾನು ಕೈ ಮುಗಿದೆ. ಅವರು ಗಡಿಬಿಡಿಯಲ್ಲಿದ್ದರು, ನೋಡಲಿಲ್ಲ. ಪಿತ್ತಕೋಶದಲ್ಲಿ ಉಳಿದ ಹರಳುಗಳು ಮತ್ತೆ ದಾರಿಗೆ ಬರಬಾರದೆಂದು ಮುಂದೆ ಆ ಕೋಶವನ್ನೇ ತೆಗೆದರು. ನಾಳದ ಹರಳು ಹೊರಬಿದ್ದ ಮೇಲೆ ಮೊದಲು ಹೋದದ್ದು ತುರಿಕೆ. ಅಂದು ಅವಳು ಗೋಡೆಗೆ ಒರಗಿ ಹಾಯಾಗಿ ನಿದ್ದೆ ಹೋದಳು. ಆಮೇಲೆ ಮೂತ್ರದ ಬಣ್ಣ ತಿಳಿಯಾಯಿತು. ಕಣ್ಣು ಮಾತ್ರ ಅವಸರ ಮಾಡಲಿಲ್ಲ, ನಿಧಾನವಾಗಿ ಬೆಳ್ಳಗಾಯಿತು.

ಊರಿಗೆ ಬಂದಾಗ ಅಕ್ಕ ಕಟ್ಟೆಯ ಮೇಲೆ ಕುಳಿತಿದ್ದಳು. ಗಂಟಿನ ವಿಷಯ ನಾವು ಹೇಳದಿದ್ದರೂ ಅವಳಿಗೆ ತಿಳಿದಿತ್ತು. ನಮ್ಮ ಮುಖ ಓದಲು ಅವಳಿಗೆ ಯಾವ ಯಂತ್ರವೂ ಬೇಡ. ಮಗಳನ್ನು ಒಳಗೆ ಕೂರಿಸಿ, ಗಂಜಿ ಕೊಟ್ಟು, ಅಡುಗೆಮನೆಯ ಮಾಡದ ಮೇಲಿನ ತುಪ್ಪದ ಡಬ್ಬಿಯನ್ನು ಇಳಿಸಿ ದಾಯಾದಿಗಳ ಮನೆಗೆ ಕೊಟ್ಟು ಬಂದಳು. ಆ ಗೋಡೆ ಎದ್ದ ಮೇಲೆ ಆಚೆಗೆ ಏನನ್ನಾದರೂ ಕೊಟ್ಟದ್ದು ಅದೇ ಮೊದಲು.

"ನಾ ತುಪ್ಪಾ ಹಾಕಿ ಕೊಂದಿದ್ದೆನೋ ತಮ್ಮಾ," ಎಂದಳು ನನ್ನೊಬ್ಬನಿಗೇ ಕೇಳುವ ಹಾಗೆ.

"ಇಲ್ಲಕ್ಕಾ. ನಿನ್ನ ಹೋಳಿಗಿ ನೋವು ಎಬ್ಬಿಸದಿದ್ರ ನಾವು ಇನ್ನೂ ಕನ್ನಡಿ ಮುಂದ ನಿಂತು ಹೆಮ್ಮಿಪಡತಿದ್ವಿ. ಡಾಕ್ಟರಬಾಯಾರ ಹೇಳ್ಯಾರ, ಆಕಿಗೆ ಬೈಬ್ಯಾಡ್ರಿ ಅಂತ."

"ಡಾಕ್ಟರ್ ಹೇಳಿದ್ರಷ್ಟ ಬೈಯೂದು ಬಿಡ್ತೀಯೇನು?" ಎಂದು ಅಕ್ಕ ಕೂಡಲೇ ಅತ್ತೆಯಾದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಜೀವಮಾನದಲ್ಲಿ ಮೊದಲ ಸಲ ಅವಳ ಬೈಗುಳವನ್ನು ನಿಂತು ಪೂರ್ತಿ ಕೇಳಿದೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಲವು ತಿಂಗಳ ಮೇಲೆ ರಾಣೆಬೆನ್ನೂರಿಗೆ ಕೊನೆಯ ತಪಾಸಣೆಗೆ ಹೋದೆವು. ಅಕ್ಕನೂ ಹಲಗೇರಿಯಿಂದ ಬಂದು ನಮ್ಮನ್ನು ಸೇರಿಕೊಂಡಳು. ರಕ್ತ ಕೊಡಬೇಕೆಂದು ಹೆಂಡತಿ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬರಬೇಕೇನೋ ಎಂದು ತಾನೇ ಊಹಿಸಿದ್ದಳು. ಬಿಲಿರುಬಿನ್ ಇಳಿದಿತ್ತು, ಆದರೆ ಇರಬೇಕಾದ ಮಟ್ಟಕ್ಕಿಂತ ಚೂರು ಮೇಲೆ ನಿಂತಿತ್ತು. ನಾನು ಆ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದೆ. ಡಾಕ್ಟರು ಉಳಿದ ಅಂಕಿಗಳನ್ನು ನೋಡಿದರು. ಹಿಂದಿನ ಕಾಗದಗಳನ್ನೂ ನೋಡಿದರು. ರಕ್ತಕಣ ಒಡೆಯುತ್ತಿವೆಯೇ ಎಂದು ಇನ್ನೊಂದು ಪರೀಕ್ಷೆ ಮಾಡಿಸಿದರು. ಆಮೇಲೆ ಕನ್ನಡಕ ತೆಗೆದು ನಗತೊಡಗಿದರು.

"ಲಿವರ್ ಚಲೋ ಐತ್ರಿ. ದಾರಿ ಮೋಕಳಾ ಐತಿ. ರಕ್ತಾನೂ ಬರೋಬರಿ ಐತಿ. ಉಳದದ್ದು ಬರೇ ಬಿಡಿ ಮಾಲು, ಒಂದೀಟ. ಅಮ್ಮಾರ, ನಿಮ್ಮಲ್ಲೂ ಚೀಲ ಹೊಲಿಯಾಂವ ಸಾವಕಾಶಿನ ಅದಾನ. ಇಷ್ಟು ದಿನ ಕಣ್ಣಿಗೆ ಕಾಣೂವಷ್ಟು ಇರಲಿಲ್ಲ ಅಷ್ಟ. ಇದು ನಿಮ್ಮ ಮನಿತನದ್ದ."

ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಅಕ್ಕ ನಿಧಾನವಾಗಿ ಎದ್ದು ನಿಂತಳು. ಕೋರ್ಟಿನಲ್ಲಿ ಮೇಲ್ಮನವಿ ಗೆದ್ದ ಎಷ್ಟೋ ಜನರನ್ನು ಕಂಡಿದ್ದೇನೆ. ಯಾರೂ ಅಷ್ಟು ಗಾಂಭೀರ್ಯದಿಂದ ಸೆರಗು ಹೊದ್ದುಕೊಂಡಿರಲಿಲ್ಲ.

"ನಾ ಮೊದಲ ಹೇಳಿದ್ದೆ," ಎಂದಳು.

"ಅಜ್ಜಿ, ನೀವು ಹೇಳಿದ್ದು ಖರೇ. ಆದ್ರ ಅದರ ಮ್ಯಾಲ ಇನ್ನೊಂದು ಹಳದಿ ಕುಂತಿತ್ತು," ಎಂದರು ಡಾಕ್ಟರು. "ಇನ್ನ ಮ್ಯಾಲ ನಿಮ್ಮ ಮನ್ಯಾಗ ಯಾರರ ಹಳದಿ ಆದ್ರ ಕಣ್ಣಷ್ಟ ನೋಡಬ್ಯಾಡ್ರಿ. ಉಳದ ಬಣ್ಣಾನೂ ಕೇಳ್ರಿ."

ಆ ಆದೇಶ ನಮ್ಮ ಮನೆಯಲ್ಲಿ ಇಂದಿಗೂ ಜಾರಿಯಲ್ಲಿದೆ. ತಲೆಮಾರುಗಳ ಮರ್ಯಾದೆಯನ್ನು ಮುರಿದು, ಹೆಂಡತಿ ದಿನಾ ಬೆಳಿಗ್ಗೆ ಬಚ್ಚಲಿನ ಬಾಗಿಲ ಹಿಂದಿನಿಂದ ನನಗೆ ವರದಿ ಒಪ್ಪಿಸುತ್ತಾಳೆ. ನಾನು ಪಡಸಾಲೆಯಲ್ಲಿ ಚಹಾದ ಬಟ್ಟಲು ಹಿಡಿದು ಕುಳಿತಿರುತ್ತೇನೆ. ದಾಯಾದಿಗಳ ಗೋಡೆ ತೆಳ್ಳಗಿದೆ, ಅವರಿಗೂ ಕೇಳುತ್ತದೆ. ಕೇಳಲಿ.

"ಮಾಮಾ, ಇವತ್ತೂ ಬಣ್ಣ ಬರೋಬರಿ ಐತ್ರಿ."

"ದಾಖಲಾತು," ಎನ್ನುತ್ತೇನೆ ನಾನು. ಆಮೇಲೆ, ಅವಳು ಹೊರಗೆ ಬರುವುದರೊಳಗೆ, ಶಿವನ ಫೋಟೋದ ಕಡೆ ತಿರುಗಿ, ಕಲ್ಲು ಕೊಟ್ಟವನಿಗೆಂದು ಬಟ್ಟಲನ್ನು ಒಂದಿಷ್ಟು ಮೇಲೆತ್ತುತ್ತೇನೆ.